ಗುರಪ್ಪನವರ ಆರ್ ಡ್ರೈವ್

ಕೊರೊನಾ ಕಳೆದು ಜನ ಮುಖಗವಸು ಬಿಚ್ಚಿದ ಮರುವರ್ಷ ಅದು. ಹೊಸೂರಿನ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದು ನಾನು ಆಗಷ್ಟೇ ನಿವೃತ್ತಳಾಗಿದ್ದೆ. ಜೂಜುವಾಡಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿಕೊಂಡು ಹಳೆಯ ಕಂಪ್ಯೂಟರ್ ರಿಪೇರಿ ಶುರು ಮಾಡಿದ್ದೆ. ಅಂಗಡಿಯವರು ಕೈಚೆಲ್ಲಿದ ಪೆಟ್ಟಿಗೆಗಳೆಲ್ಲ ನನ್ನ ಮನೆಗೆ ಬರುತ್ತಿದ್ದವು. "ಇದನ್ನ ಬಿಸಾಕಿ ಹೊಸದು ತಗೊಳ್ಳಿ" ಎನ್ನುವುದು ನನ್ನ ಜಾಯಮಾನವಲ್ಲ. ಹಾಗೆನ್ನಲು ಮೂವತ್ತು ವರ್ಷದ ಅನುಭವ ಯಾಕೆ ಬೇಕು, ಅಂಗಡಿಯ ಬೋರ್ಡೇ ಸಾಕು.

ಆ ವರ್ಷದ ದಸರೆಗೆ ಇನ್ನೂ ಎರಡು ವಾರವಿದ್ದಾಗ ಮಂಜುಳಾ ಎಂಬ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಸೂಳಗಿರಿಯ ಕಾರ್ಖಾನೆಯೊಂದರಲ್ಲಿ ಅವಳಿಗೂ ಅವಳ ಗಂಡ ನಾಗರಾಜುವಿಗೂ ಕೆಲಸ. ತವರುಮನೆ ಡೆಂಕಣಿಕೋಟೆಯ ಹತ್ತಿರದ ಹಳ್ಳಿ, ಮದುವೆಯಾದ ಮೇಲೂ ಇಬ್ಬರೂ ಅಲ್ಲೇ ವಾಸ. ಅಪ್ಪ ಗುರಪ್ಪನವರು ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಹಿಂದಿನ ವರ್ಷ ಗಂಟಲಿನ ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಜೀವ ಉಳಿದಿತ್ತು, ದನಿ ಉಳಿದಿರಲಿಲ್ಲ.

ಈ ಹುಡುಗಿ ಜಾಣೆ. ಆಪರೇಷನ್ನಿಗೆ ಮುಂಚೆಯೇ ಅಪ್ಪನನ್ನು ಕೂರಿಸಿಕೊಂಡು ಅವರ ಮಾತುಗಳನ್ನೆಲ್ಲ ಮೈಕ್ ಹಿಡಿದು ನೇರ ಕಂಪ್ಯೂಟರಿಗೇ ರೆಕಾರ್ಡ್ ಮಾಡಿದ್ದಳು. ಮನೆಯಲ್ಲಿ ಆಡುವ ಕನ್ನಡ, ಆಂಧ್ರದ ವ್ಯಾಪಾರಿಗಳೊಡನೆ ಆಡುವ ತೆಲುಗು, ಕಚೇರಿ ಮತ್ತು ಆಸ್ಪತ್ರೆಯ ತಮಿಳು, ಎಲ್ಲ ಸೇರಿ ಮುನ್ನೂರರ ಹತ್ತಿರ ತುಣುಕುಗಳು. ಪಾಲಿಟೆಕ್ನಿಕ್‌ನಲ್ಲಿ ಓದುವಾಗ ಸೆಕೆಂಡ್ ಹ್ಯಾಂಡ್ ಕೊಂಡಿದ್ದ ಅವಳ ಹಳೆಯ ಕಂಪ್ಯೂಟರಿಗೆ ಗೆಳತಿಯೊಬ್ಬಳು ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದಳು. ಕೀಲಿಮಣೆಯ ಒಂದೋ ಎರಡೋ ಗುಂಡಿ ಒತ್ತಿದರೆ ಒಂದು ಮಾತು, ಗುರಪ್ಪನವರದೇ ದನಿಯಲ್ಲಿ ಸ್ಪೀಕರಿನಿಂದ ಹೊರಡುತ್ತಿತ್ತು.

"ಕೆಲ್ಸ ಮಾಡ್ತೈತೆ ಮೇಡಮ್, ಆದ್ರೆ ಲೇಟು" ಎಂದಳು ಮಂಜುಳಾ. "ನಮ್ಮಪ್ಪ ಈಗ ಗುಂಡಿ ಒತ್ತೋದೇ ಬುಟ್ಬುಟ್ಟವ್ರೆ."

ಮಾರನೆಯ ದಿನ ನನ್ನ ಸ್ಕೂಟಿಯಲ್ಲಿ ಅವರ ಮನೆಗೆ ಹೋದೆ. ಗುರಪ್ಪನವರು ಎತ್ತರದ ಆಳು, ಕುತ್ತಿಗೆಗೆ ಬಿಳಿ ಬಟ್ಟೆಯ ಪಟ್ಟಿ. ಹೆಂಡತಿ ಚೆನ್ನಮ್ಮ ಅವರ ಭುಜದಷ್ಟು ಬರುತ್ತಾರೆ, ಮಾತು ಮಾತ್ರ ಇಬ್ಬರ ಪಾಲಿನದು. ನಡುಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇತ್ತು. ಕೀಲಿಗಳ ಮೇಲೆಲ್ಲ ಬಣ್ಣದ ಚೀಟಿ ಅಂಟಿಸಿದ್ದರು. ಊಟಕ್ಕೊಂದು, ನೀರಿಗೊಂದು, ಬೇಡ ಎನ್ನುವುದಕ್ಕೊಂದು. ಮೇಲಿನ ಸಾಲಿನ ಅಂಕಿಗಳಲ್ಲಿ ಮಂಡಿಯ ದರಗಳು. ಎಲ್ಲಕ್ಕಿಂತ ಉದ್ದದ ಕೀಲಿಯಾದ ಸ್ಪೇಸ್‌ಬಾರಿನ ಮೇಲೆ ಹಣೆಗಿಡುವ ಕೆಂಪು ಬಿಂದಿಯೊಂದು ಅಂಟಿಕೊಂಡಿತ್ತು.

ನಾನು ಪೆಟ್ಟಿಗೆ ಬಿಚ್ಚುವ ಮುಂಚೆಯೇ ರೋಗ ಏನೆಂದು ಕಣ್ಣೆದುರು ನಡೆದುಹೋಯಿತು. ಪಕ್ಕದ ಹೊಲದ ಮುನಿರಾಜು ಬಂದು ಜಗಲಿಯಲ್ಲಿ ಕುಳಿತು, "ಏನ್ ಮಾವ, ಈ ಸಲ ಟೊಮ್ಯಾಟೊ ಹಾಕ್ಲಾ, ಬೀನ್ಸ್ ಹಾಕ್ಲಾ?" ಎಂದು ಕೇಳಿದ. ಗುರಪ್ಪನವರು ಎರಡು ಕೀಲಿ ಒತ್ತಿದರು. ಡಿಸ್ಕು ಒಳಗೆ ಕರಕರ ಎಂದಿತು. ಮುನಿರಾಜು ಒಂದು ಕ್ಷಣ ಕಾದ, ಉತ್ತರ ಬರಲಿಲ್ಲ ಎಂದು ಚೆನ್ನಮ್ಮನ ಕಡೆ ತಿರುಗಿ, "ಅತ್ತೆ, ನಿಮ್ ರಾಗಿ ತುಳಿದಿದ್ದು ಒಂಟಿ ಆನೇನಾ, ಹಿಂಡಾ?" ಎಂದ. ಆಗ ಸ್ಪೀಕರು ಗಟ್ಟಿಯಾಗಿ "ಬೀನ್ಸು" ಎಂದಿತು.

ಎಲ್ಲರೂ ನಕ್ಕರು. ಗುರಪ್ಪನವರೂ ನಕ್ಕರು, ಶಬ್ದವಿಲ್ಲದೆ. ಆದರೆ ಕೈಯನ್ನು ಕೀಲಿಮಣೆಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ನಾನು ಅಲ್ಲಿದ್ದಷ್ಟು ಹೊತ್ತೂ ಮತ್ತೆ ಆ ಕೈ ಮೇಲೆ ಬರಲಿಲ್ಲ. ನನಗೆ ಸಂಕಟವಾಯಿತು. ಹರಾಜು ಕೂಗುವವನ ಕಸುಬೆಲ್ಲ ಸಮಯಕ್ಕೆ ಸರಿಯಾಗಿ ಬಾಯಿ ಬಿಡುವುದರಲ್ಲಿದೆ. ಅಂಥವರಿಗೆ ಮಾತು ಇದ್ದೂ ತಡವಾಗಿ ಬರುವುದು, ಮಾತೇ ಇಲ್ಲದಿರುವುದಕ್ಕಿಂತ ಕಷ್ಟ.

"ಮೊದ್ಲು ಮೊದ್ಲು ಚೆನ್ನಾಗಿ ಒತ್ತೋರಕ್ಕಾ" ಎಂದರು ಚೆನ್ನಮ್ಮ. "ಈಗ ನಾನೇ ಕೇಳೋದು, ನಾನೇ ಹೇಳೋದು. ಗೋಡೆ ಜೊತೆ ಬಾಳಾಟ ಆಗೋಗೈತೆ."

ಫೋನಿನಲ್ಲೇ ಮಾಡಬಹುದಲ್ಲ ಎಂದು ನಾನೂ ಕೇಳಿದೆ. ಮಂಜುಳಾ ಅದನ್ನೂ ಮಾಡಿ ನೋಡಿದ್ದಳು. ಮೂಟೆ ಹೊತ್ತು, ಹಗ್ಗ ಬಿಗಿದು ಗುರಪ್ಪನವರ ಬೆರಳ ತುದಿಗಳು ಒರಟಾಗಿ ಬಿರಿದಿದ್ದವು. ಟಚ್ ಸ್ಕ್ರೀನು ಆ ಬೆರಳನ್ನು ಬೆರಳೆಂದೇ ಒಪ್ಪುತ್ತಿರಲಿಲ್ಲ. ಸ್ಲೇಟು ಕೊಟ್ಟರೆ ಎರಡಕ್ಷರ ಬರೆಯುತ್ತಿದ್ದರು, ಆದರೆ ಬರೆದದ್ದನ್ನು ಜಗಲಿಯಲ್ಲಿ ಕೂತವರು ಎದ್ದು ಬಂದು ಓದಬೇಕು. ಗುಂಡಿ ಒತ್ತಿದರೆ ಟಕ್ಕೆನ್ನುವ ಕೀಲಿಮಣೆಯೇ ಅವರಿಗೆ ಹಿಡಿಸಿತ್ತು.

ಪೆಟ್ಟಿಗೆ ಬಿಚ್ಚಿದೆ. ವಿಂಡೋಸ್ ಎಕ್ಸ್‌ಪಿಯ ಕಾಲದ ಯಂತ್ರ, ಅಗಲ ಪಟ್ಟಿಯ ಕೇಬಲ್ಲಿನ ನಲವತ್ತು ಜಿಬಿ ಹಾರ್ಡ್ ಡಿಸ್ಕ್. ಡಿಸ್ಕಿಗೆ ವಯಸ್ಸಾಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದರೆ ನಿದ್ದೆ ಹೋಗುವುದು, ಎಬ್ಬಿಸಿದರೆ ಮೈಮುರಿಯುವುದು, ಅಲ್ಲಲ್ಲಿ ಕೆಟ್ಟ ಜಾಗಗಳಲ್ಲಿ ತಡವರಿಸಿ ಮತ್ತೆ ಮತ್ತೆ ಓದುವುದು. ಅದಕ್ಕೆ ಹೊಂದುವ ಬದಲಿ ಡಿಸ್ಕು ಹೊಸೂರಿನಲ್ಲಿ ಸಿಗಲಿಲ್ಲ. ಬೆಂಗಳೂರಿನ ಪರಿಚಯದ ಅಂಗಡಿಗೆ ಹೇಳಿದರೆ, ಹಬ್ಬ ಮುಗಿಯಲಿ ಮೇಡಮ್ ಎಂದರು.

ಅಲ್ಲಿಯವರೆಗೆ ಗುರಪ್ಪನವರು ಸುಮ್ಮನೆ ಕೂರಬೇಕೇ? ಆಗ ನೆನಪಾದದ್ದು ರ‍್ಯಾಮ್ ಡಿಸ್ಕ್. ನಾನು ಕೆಲಸಕ್ಕೆ ಸೇರಿದ ಡಾಸ್ ಕಾಲದಲ್ಲಿ ನಾವು ದಿನಾ ಬಳಸುತ್ತಿದ್ದ ಉಪಾಯ ಅದು, ಈಗಿನವರಿಗೆ ಹೆಸರೂ ಗೊತ್ತಿಲ್ಲ. ಹಾರ್ಡ್ ಡಿಸ್ಕ್ ಎಂದರೆ ಮನೆಯ ಅಟ್ಟ, ಬೇಕಾದ್ದಕ್ಕೆಲ್ಲ ಏಣಿ ಹತ್ತಬೇಕು. ರ‍್ಯಾಮ್ ಎಂದರೆ ಒಲೆಯ ಪಕ್ಕದ ಕಟ್ಟೆ, ಕೈ ಚಾಚಿದರೆ ಸಿಗುತ್ತದೆ. ಆ ಕಟ್ಟೆಯ ಒಂದು ಭಾಗವನ್ನು ಬೇರೆ ಮಾಡಿ, "ಇದೂ ಒಂದು ಡಿಸ್ಕು" ಎಂದು ಕಂಪ್ಯೂಟರನ್ನು ನಂಬಿಸುವುದೇ ರ‍್ಯಾಮ್ ಡಿಸ್ಕ್. ಒಂದೇ ತೊಂದರೆ ಎಂದರೆ ಕರೆಂಟ್ ಹೋದ ಕೂಡಲೇ ಕಟ್ಟೆ ಖಾಲಿ. ಅಲ್ಲಿಟ್ಟಿದ್ದ ಯಾವುದೂ ಉಳಿಯುವುದಿಲ್ಲ.

ನನ್ನ ಡಬ್ಬಿಯಲ್ಲಿದ್ದ ಹಳೆಯ ಮೆಮರಿ ಕಾರ್ಡುಗಳನ್ನು ಸಿಕ್ಕಿಸಿ ರ‍್ಯಾಮನ್ನು ಎರಡು ಜಿಬಿಗೆ ಏರಿಸಿದೆ. ಉಚಿತವಾಗಿ ಸಿಗುವ ಒಂದು ಸಣ್ಣ ಡ್ರೈವರ್ ಹಾಕಿ, ಅದರಲ್ಲಿ ಐನೂರ ಹನ್ನೆರಡು ಎಂಬಿಯನ್ನು ಆರ್ ಡ್ರೈವ್ ಎಂದು ಪ್ರತ್ಯೇಕಿಸಿದೆ. ಗುರಪ್ಪನವರ ಮಾತುಗಳೆಲ್ಲ ಸೇರಿ ನೂರೈವತ್ತು ಎಂಬಿ ದಾಟುತ್ತಿರಲಿಲ್ಲ. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದಾಗ ಮಾತುಗಳೆಲ್ಲ ಡಿಸ್ಕಿನಿಂದ ತಾವಾಗಿಯೇ ಆರ್ ಡ್ರೈವಿಗೆ ನಕಲಾಗುವಂತೆ ನಾಲ್ಕು ಸಾಲಿನ ಬ್ಯಾಚ್ ಫೈಲ್ ಬರೆದೆ. ಗುಂಡಿ ಒತ್ತಿದರೆ ಇನ್ನು ಮೇಲೆ ಅಟ್ಟ ಹತ್ತುವ ಕೆಲಸವಿಲ್ಲ.

"ಈಗ ಒತ್ತಿ ನೋಡಿ" ಎಂದೆ. ಗುರಪ್ಪನವರು ಅನುಮಾನದಿಂದಲೇ ಸ್ಪೇಸ್‌ಬಾರ್ ಮುಟ್ಟಿದರು.

"ಚೆನ್ನೀ."

ಬೆರಳು ಇನ್ನೂ ಕೀಲಿಯ ಮೇಲಿತ್ತು. ಅಡುಗೆಮನೆಯಲ್ಲಿದ್ದ ಚೆನ್ನಮ್ಮ "ಆಂ, ಬಂದೆ" ಎಂದುಬಿಟ್ಟು, ಆಮೇಲೆ ತಾವೇ ಬೆಚ್ಚಿ ಬಾಗಿಲಿಗೆ ಬಂದು ನಿಂತರು. ಆಪರೇಷನ್ ಆದ ಮೇಲೆ ಗಂಡ ಕೂಗಿದ್ದಕ್ಕೆ ಅವರು ಹಾಗೆ ಮೈಮರೆತು ಓಗೊಟ್ಟದ್ದು ಅದೇ ಮೊದಲು. ಸೆರಗಿನಿಂದ ಕಣ್ಣೊರೆಸಿಕೊಂಡು, "ಹೊಗೆ" ಎಂದರು. ಒಲೆ ಗ್ಯಾಸಿನದು.

ಹೊರಡುವ ಮುಂಚೆ ಮಂಜುಳಾಳನ್ನು ಕೂರಿಸಿಕೊಂಡು ಎಲ್ಲ ವಿವರಿಸಿದೆ. ಆರ್ ಡ್ರೈವಿನಲ್ಲಿರುವುದು ನಕಲು, ಅಸಲು ಹಳೆಯ ಡಿಸ್ಕಿನಲ್ಲೇ ಇರಬೇಕು, ಆ ಡಿಸ್ಕು ಯಾವಾಗಲಾದರೂ ಕೈಕೊಡಬಹುದು. ಅದಕ್ಕೇ ಒಂದು ಪೆನ್ ಡ್ರೈವಿನಲ್ಲಿ ಎಲ್ಲವನ್ನೂ ಪ್ರತಿ ತೆಗೆದು ಚೆನ್ನಮ್ಮನ ಕೈಗೆ ಕೊಟ್ಟೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿಟ್ಟರು. ನಾಗರಾಜು ಅಂದು ಶಿಫ್ಟಿಗೆ ಹೋಗಿದ್ದ.

ಆಮೇಲಿನ ದಿನಗಳಲ್ಲಿ ಮಂಜುಳಾ ಫೋನ್ ಮಾಡಿದಾಗಲೆಲ್ಲ ಹಿಂದಿನಿಂದ ಗುರಪ್ಪನವರ ದನಿ ಕೇಳುತ್ತಿತ್ತು. ಯಾರದೋ ಬೆಲೆಗೆ "ಜಾಸ್ತಿ ಆಯ್ತು" ಎನ್ನುವರು, ಯಾರದೋ ಸುಳ್ಳಿಗೆ ತೆಲುಗಿನಲ್ಲಿ ಬೈಯುವರು. ಜಗಲಿಯಲ್ಲಿ ಮತ್ತೆ ಜನ ಕೂರತೊಡಗಿದ್ದಾರೆ ಎಂದಳು. ಆಯುಧಪೂಜೆಗೆ ನೀವೂ ಊಟಕ್ಕೆ ಬರಬೇಕು ಎಂದು ಕರೆದಳು.

ಆಯುಧಪೂಜೆ ಎಂದರೆ ನಮ್ಮ ಕಡೆ ದುಡಿಯುವ ಸಾಮಾನಿಗೆಲ್ಲ ಹಬ್ಬ. ಕುಡುಗೋಲು, ತಕ್ಕಡಿ, ಮೋಟಾರು, ಬೈಕು, ಎಲ್ಲವನ್ನೂ ತೊಳೆದು ಕುಂಕುಮವಿಟ್ಟು ಆ ದಿನ ಮುಟ್ಟದೆ ಬಿಡುತ್ತೇವೆ. ನಾನೂ ನನ್ನ ಸ್ಕ್ರೂಡ್ರೈವರುಗಳಿಗೆ ಹೂವಿಟ್ಟು, ಸ್ಕೂಟಿ ಮಾತ್ರ ಸಾಯಂಕಾಲ ತೊಳೆದರಾಯಿತು ಎಂದುಕೊಂಡು ಹೊರಡುವ ತಯಾರಿಯಲ್ಲಿದ್ದೆ. ಬೆಳಿಗ್ಗೆ ಹತ್ತರ ಸುಮಾರಿಗೆ ನಾಗರಾಜುವಿನ ಫೋನ್ ಬಂತು.

"ಮೇಡಮ್, ಎಲ್ಲಾ ರೆಡಿ. ನೀವ್ ಬಂದ್ಮೇಲೇ ಮಂಗಳಾರತಿ. ಮಂಜುಳಾ ಕಂಪ್ನಿ ಪೂಜೆಗೋಗವ್ಳೆ, ಮಧ್ಯಾಹ್ನಕ್ಕೆ ಬತ್ತಾಳೆ. ನಾನು ಕಂಪ್ಯೂಟರ್ನೂ ಕ್ಲೀನ್ ಮಾಡ್ಬುಟ್ಟೆ. ಹಳೇ ಡಿಸ್ಕು ಕೆಟ್ಟೋಯ್ತೈತೆ ಅಂದಿದ್ರಂತಲ್ಲ, ಮಾವನ ಮಾತೆಲ್ಲಾ ಅದ್ರಿಂದ ಕಟ್ ಮಾಡಿ ಆರ್ ಡ್ರೈವ್‌ಗೆ ಹಾಕಿವ್ನಿ. ರಿಪ್ಲೇಸ್ ಮಾಡ್ಲಾ ಅಂತ ಕೇಳ್ತು, ಯೆಸ್ ಒತ್ತಿದೆ."

ನಾಗರಾಜುವಿಗೆ ಕಾರ್ಖಾನೆ ಕಲಿಸಿದ ಶಿಸ್ತು ಅದು. ರಿಜೆಕ್ಟ್ ಟ್ರೇಯಲ್ಲಿ ಒಳ್ಳೆಯ ಮಾಲು ಬಿಡಬಾರದು, ಎತ್ತಿ ಓಕೆ ಟ್ರೇಗೆ ಹಾಕಬೇಕು, ಒಂದೇ ಮಾಲು ಎರಡು ಕಡೆ ಇರಬಾರದು. ಅವನ ಲೆಕ್ಕದಲ್ಲಿ ಹಳೆಯ ಡಿಸ್ಕು ರಿಜೆಕ್ಟ್, ಆರ್ ಡ್ರೈವ್ ಓಕೆ. ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಫೋನಿನಲ್ಲಿ ಪೀಂ ಪೀಂ ಎನ್ನುವ ಸದ್ದು ಕೇಳಿತು.

"ಅದೇನು ಸದ್ದು?"

"ಯುಪಿಎಸ್ಸು ಮೇಡಮ್. ಆನೆ ಹಿಂಡು ಕೆರೆ ಹತ್ರ ಇಳ್ದವಂತೆ, ಕರೆಂಟ್ ಆಫೀಸಿನ ಈಬಿಯೋರು ಲೈನ್ ಆಫ್ ಮಾಡವ್ರೆ. ಹೆಂಗೂ ಪೂಜೆಗೆ ಆಫ್ ಮಾಡ್ಬೇಕಲ್ಲ, ತಾನೇ ಆಫ್ ಆಗ್ಲಿ ಅಂತ ಬುಟ್ಟಿವ್ನಿ."

ತಂತಿ ತಗುಲಿ ಆನೆ ಸಾಯಬಾರದೆಂದು ಹಾಗೆ ಕರೆಂಟ್ ತೆಗೆಯುವುದು ಆ ಕಡೆ ವಾಡಿಕೆ, ಮತ್ತೆ ಎಷ್ಟು ಹೊತ್ತಿಗೆ ಬರುತ್ತದೋ ಆನೆಗಳಿಗೇ ಗೊತ್ತು. ಕರೆಂಟ್ ಹೋದಾಗ ಬ್ಯಾಟರಿಯಿಂದ ಕಂಪ್ಯೂಟರ್ ನಡೆಸುವ ಆ ಯುಪಿಎಸ್ ಹತ್ತು ನಿಮಿಷ ಎಳೆದರೆ ಹೆಚ್ಚು. ಅದು ನಿಂತರೆ, ಅಳಿಸಿದ ಡಿಸ್ಕಿನಿಂದ ಅಗೆದು ತೆಗೆಯಬಹುದಾದ ಚೂರುಪಾರು ಬಿಟ್ಟು, ಗುರಪ್ಪನವರ ದನಿ ಈ ಲೋಕದಲ್ಲಿ ಎಲ್ಲಿಯೂ ಇರುವುದಿಲ್ಲ.

"ನಾಗರಾಜು, ಏನೂ ಆಫ್ ಮಾಡಬೇಡ. ಪೆನ್ ಡ್ರೈವ್ ತಗೊಂಡು ಬಾ, ದೇವರ ಗೂಡಿನಲ್ಲಿದೆ."

ಬಂದದ್ದು ಚೆನ್ನಮ್ಮನ ದನಿ. "ಅಕ್ಕಾ, ಅದ್ನೂ ತೊಳ್ದೆ. ದೀಪದ ಕಂಬದ ಜೊತೆಗೆ ಹುಣಿಸೆಹಣ್ಣು, ಬೂದಿ ಹಾಕಿ ಉಜ್ಜಿ ಬಿಸಿಲಿಗಿಟ್ಟಿವ್ನಿ. ಪಳಪಳ ಅಂತೈತೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಉಳಿದದ್ದು ಒಂದೇ ದಾರಿ, ಮಾತುಗಳನ್ನು ಆರ್ ಡ್ರೈವಿನಿಂದ ಅದೇ ಮುದಿ ಡಿಸ್ಕಿಗೆ ವಾಪಸು ಬರೆಯುವುದು. ಆ ಡಿಸ್ಕಿನ ವೇಗಕ್ಕೆ ಹತ್ತು ನಿಮಿಷ ಸಾಲುತ್ತದೆ ಎನ್ನುವ ಧೈರ್ಯ ನನಗಿರಲಿಲ್ಲ. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಡಲು ಹೇಳಿದೆ. ಎಲ್ಲವನ್ನೂ ಸೆಲೆಕ್ಟ್ ಮಾಡು, ಕಾಪಿ ಒತ್ತು, ಕಟ್ ಅಲ್ಲ ಕಾಪಿ, ಹಳೆಯ ಜಾಗಕ್ಕೆ ಹೋಗಿ ಪೇಸ್ಟ್ ಮಾಡು. ನಾಗರಾಜು ತಡವರಿಸದೆ ಮಾಡಿದ. ಪೇಸ್ಟ್ ಶುರುವಾಯಿತು ಎಂದ.

ಆಗ ಫೋನಿನಲ್ಲಿ ಗುರಪ್ಪನವರ ದನಿ ಕೇಳಿತು. "ಚೆನ್ನೀ."

"ಇಲ್ಲೇ ಅವ್ನಿ ಕಣ್ರೀ" ಎಂದರು ಚೆನ್ನಮ್ಮ.

"ಚೆನ್ನೀ. ಚೆನ್ನೀ."

"ಮಾವ, ಸುಮ್ಕಿರಿ ಸ್ವಲ್ಪ, ಕಾಪಿ ಆಯ್ತೈತೆ" ಎಂದ ನಾಗರಾಜು.

"ಚೆನ್ನೀ."

ಯುಪಿಎಸ್ ಕೂಗುತ್ತಲೇ ಇತ್ತು. ನಾನು ಸಿಟ್ಟಿನಿಂದ, ಅವರನ್ನು ಕೀಲಿಮಣೆಯಿಂದ ಆಚೆ ಕಳಿಸು ಎಂದು ಹೇಳುವವಳಿದ್ದೆ. ಅಷ್ಟರಲ್ಲಿ ಚೆನ್ನಮ್ಮ ಫೋನಿಗೆ ಬಾಯಿ ಹಚ್ಚಿ ಮೆಲ್ಲಗೆ ಹೇಳಿದರು. "ಅಕ್ಕಾ, ಅವ್ರು ನನ್ನ ಕರೀತಿಲ್ಲ. ಆ ಮಾತ್ನ ಮೊದ್ಲು ಎತ್ತಿಡಿ ಅಂತವ್ರೆ. ಕಣ್ಣೆಲ್ಲಾ ಪರದೆ ಮ್ಯಾಲೇ ಐತೆ."

"ನಾಗರಾಜು, ಈಗ ಯಾವ ಫೈಲ್ ಹೋಗ್ತಾ ಇದೆ?"

"ಎರಡು, ಮೂರು… ನಂಬರ್‌ದು ಮೇಡಮ್. ಮಂಡಿ ರೇಟು."

ಆಗ ಅರ್ಥವಾಯಿತು. ಫೈಲುಗಳಿಗೆಲ್ಲ ಕೀಲಿಯದೇ ಹೆಸರು. ಕಂಪ್ಯೂಟರ್ ಮೊದಲು ಅಂಕಿಗಳನ್ನು ತೆಗೆದುಕೊಳ್ಳುತ್ತದೆ, ಆಮೇಲೆ ಎ, ಬಿ, ಸಿ. ಸ್ಪೇಸ್‌ಬಾರಿನ ಫೈಲು ಎಸ್ ಅಕ್ಷರದಲ್ಲಿ, ಸರತಿಯ ಬಾಲದಲ್ಲಿ ನಿಂತಿತ್ತು. ಯುಪಿಎಸ್ ನಡುವೆ ಕೈಬಿಟ್ಟರೆ ಟೊಮ್ಯಾಟೊ ದರ ಉಳಿಯುತ್ತದೆ, ಹೆಂಡತಿಯ ಹೆಸರು ಹೋಗುತ್ತದೆ. ನನಗೆ ಇದು ಹೊಳೆದಿರಲಿಲ್ಲ. ಪರದೆಯನ್ನೇ ನೋಡುತ್ತಿದ್ದ ಆ ಮನುಷ್ಯ ಕಂಡಿದ್ದರು, ಮತ್ತು ಹೇಳಲು ಅವರಿಗೆ ಇದ್ದದ್ದು ಆ ಒಂದು ಮಾತೇ.

"ಕ್ಯಾನ್ಸಲ್ ಮಾಡು" ಎಂದೆ. "ಮಾವ ಯಾವ ಗುಂಡಿ ಒತ್ತುತ್ತಾರೋ ಅದನ್ನ ಕಾಪಿ ಮಾಡು. ಅವರು ಹೇಳಿದ ಕ್ರಮದಲ್ಲೇ."

ಆಮೇಲಿನ ಎರಡು ಮೂರು ನಿಮಿಷ ನನ್ನ ವೃತ್ತಿಯಲ್ಲಿ ನಾನು ಕೇಳಿದ ಅತ್ಯಂತ ವಿಚಿತ್ರವಾದ, ಅತ್ಯಂತ ಪ್ರೀತಿಯ ಹೊತ್ತು. ಅವರು ಒತ್ತುತ್ತಿದ್ದರು, ಮಾತು ತಕ್ಷಣ ಬರುತ್ತಿತ್ತು, ನಾಗರಾಜು ಅದನ್ನು ಎತ್ತಿಡುತ್ತಿದ್ದ. ಚೆನ್ನೀ. ಮಂಜೂ. ಊಟ ಆಯ್ತಾ. ಹುಷಾರು. ಬಾ, ಕೂತ್ಕೊ. ನಾಗರಾಜು ಒಮ್ಮೆ ಮಾತ್ರ "ಇದ್ನೂ ಎತ್ತಿಡ್ಲಾ ಮಾವ?" ಎಂದು ಕೇಳಿದ, ಯಾಕೆಂದರೆ ಆ ಮಾತು "ನಮ್ ನಾಗ" ಎಂದಿತ್ತು. ಹಳೆಯ ಡಿಸ್ಕಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಎರಡು ಮಾತೂ ಆಗುತ್ತಿರಲಿಲ್ಲ.

ಬೇಕಾದದ್ದು ಆಯಿತು ಎಂದು ಅವರು ಕೈ ತೆಗೆದ ಮೇಲೆ ಉಳಿದದ್ದನ್ನೆಲ್ಲ ಒಟ್ಟಿಗೆ ಕಾಪಿಗೆ ಹಾಕಿಸಿದೆ. ಬ್ಯಾಟರಿ ಉಳಿಸಲು ಮಾನಿಟರ್ ಆರಿಸಿ, ಸ್ಪೀಕರ್ ಕೂಡ ಎಂದೆ. ಸ್ಪೀಕರ್ ಆರಿಸಬೇಕಾದಾಗ ನಾಗರಾಜು ಮಾವನ ಮುಖ ನೋಡಿದನಂತೆ. ಅವರೇ ಕೈ ಚಾಚಿ ಸ್ವಿಚ್ ತಿರುಗಿಸಿದರಂತೆ. ಆಮೇಲೆ ಕಪ್ಪು ಪರದೆಯ ಮುಂದೆ ಮೂವರೂ ಡಿಸ್ಕಿನ ಕೆಂಪು ದೀಪ ಮಿನುಗುವುದನ್ನು ನೋಡುತ್ತ ಕೂತರು. ಪೀಂ ಎನ್ನುವ ಸದ್ದು ಉದ್ದವಾಗಿ ಎಳೆದು ನಿಂತಿತು. "ಹೋಯ್ತು ಮೇಡಮ್" ಎಂದ ನಾಗರಾಜು.

ನಾನು ಸ್ಕೂಟಿ ಹತ್ತಿದೆ. ಅವರ ಮನೆ ತಲುಪಿದಾಗ ಪೂಜೆಗಿಟ್ಟ ಸಾಮಾನು ಹಾಗೇ ಇತ್ತು, ಮಂಜುಳಾ ಬಂದು ಬಾಗಿಲಲ್ಲಿ ನಿಂತಿದ್ದಳು. ನಾಗರಾಜು ಅವಳ ಕಡೆ ನೋಡುತ್ತಿರಲಿಲ್ಲ. ಆನೆಗಳು ಕಾಡಿನ ಕಡೆ ತಿರುಗಿದ ಮೇಲೆ ಮಧ್ಯಾಹ್ನ ಕರೆಂಟ್ ಬಂತು. ಕಂಪ್ಯೂಟರ್ ಹಚ್ಚಿದೆ. ಡಿಸ್ಕು ಎಂದಿಗಿಂತ ಹೆಚ್ಚು ಹೊತ್ತು ಕರಕರ ಎಂದಿತು. ನಾನು ದೂರ ಸರಿದು ಗುರಪ್ಪನವರಿಗೆ ಜಾಗ ಬಿಟ್ಟೆ.

"ಚೆನ್ನೀ" ಎಂದಿತು ಸ್ಪೀಕರು.

ಚೆನ್ನಮ್ಮ ಈ ಸಲ ಓಗೊಡಲಿಲ್ಲ. ಗಂಡನ ತಲೆಯ ಮೇಲೆ ಕೈಯಿಟ್ಟು ಹಾಗೇ ನಿಂತರು.

ಮಾತುಗಳಲ್ಲಿ ಮುಕ್ಕಾಲು ಪಾಲು ಉಳಿದಿದ್ದವು. ಹೋದವುಗಳಲ್ಲಿ ಕೆಲವನ್ನು ಆಮೇಲೆ ಡಿಸ್ಕಿನಿಂದ ಅಗೆದು ತೆಗೆದೆ, ಮಿಕ್ಕವು ಸಿಗಲಿಲ್ಲ. ಹೆಚ್ಚಾಗಿ ಹೋದದ್ದು ಮಂಡಿಯ ತೆಲುಗು. ಗುರಪ್ಪನವರು ಹೋಗಲಿ ಎಂಬಂತೆ ಕೈಯಾಡಿಸಿದರು. ಪಳಪಳ ಹೊಳೆಯುತ್ತಿದ್ದ ಪೆನ್ ಡ್ರೈವ್ ಮಾತ್ರ ವಾರಗಟ್ಟಲೆ ಬೇಡಿಕೊಂಡರೂ ಬಾಯಿ ಬಿಡಲಿಲ್ಲ.

ಅವತ್ತು ಅಲ್ಲೇ ನನ್ನ ಲ್ಯಾಪ್‌ಟಾಪಿಗೂ ಮಂಜುಳಾ ಚೀಲದಲ್ಲಿ ತಂದಿದ್ದ ಪೆನ್ ಡ್ರೈವಿಗೂ ಎಲ್ಲವನ್ನೂ ಪ್ರತಿ ತೆಗೆದೆ. ಆಮೇಲೆ, "ಈಗ ಆಫ್ ಮಾಡಿದರೂ ಭಯವಿಲ್ಲ. ಬೇಕಾದರೆ ಪೂಜೆಗೆ ಇಟ್ಟು ನಾಳೆಯವರೆಗೆ ಹಾಗೇ ಬಿಡಿ" ಎಂದೆ. ನಾಗರಾಜು ಸ್ವಿಚ್ಚಿನ ಕಡೆ ಹೋದ.

ಕುಂಕುಮದ ಬಟ್ಟಲು ಹಿಡಿದಿದ್ದ ಚೆನ್ನಮ್ಮ ಅವನನ್ನು ತಡೆದರು. "ಬುಡಪ್ಪಾ. ಕುಡ್ಲಿಗೆ ರಜ ಕೊಡ್ತೀವಿ, ತಕ್ಕಡಿಗೆ ಕೊಡ್ತೀವಿ. ಬಾಯಿಗೆ ಯಾರಾನಾ ರಜ ಕೊಟ್ಟಾರಾ? ಇಷ್ಟೊರ್ಷ ಕೂಗಿ ಕೂಗಿ ನನ್ ಕಿವಿ ತೂತ್ ಮಾಡವ್ರೆ, ಒಂದಿನ ಸುಮ್ಕಿದ್ರೆ ನಂಗೇನ್ ನಷ್ಟ, ಆದ್ರೂ…"

"ಮಾಲ್ ನೋಡಿ ಮಾತಾಡು" ಎಂದಿತು ಸ್ಪೀಕರು, ಅವರ ಮಾತು ಮುಗಿಯುವ ಮೊದಲೇ.

ಮಂಡಿಯಲ್ಲಿ ಚೌಕಾಸಿ ಮಾಡುವವರ ಬಾಯಿ ಮುಚ್ಚಿಸಲು ಅವರು ಹೇಳುತ್ತಿದ್ದ ಮಾತಂತೆ ಅದು. ಮಂಜುಳಾ ನಗುತ್ತ ಕೂತಲ್ಲೇ ಬಾಗಿದಳು, ನಾಗರಾಜು ಬೆಳಗ್ಗಿನಿಂದ ಮೊದಲ ಸಲ ನಕ್ಕ. ಗುರಪ್ಪನವರು ಎರಡು ಕೈಯನ್ನೂ ಕೀಲಿಮಣೆಯ ಮೇಲಿಟ್ಟುಕೊಂಡು, ಹರಾಜು ಗೆದ್ದವರಂತೆ ಕೂತಿದ್ದರು. ಚೆನ್ನಮ್ಮ ಉಳಿದ ಸಾಮಾನಿಗೆಲ್ಲ ಕುಂಕುಮವಿಟ್ಟರು, ಕಂಪ್ಯೂಟರಿಗೆ ಮಾತ್ರ ಇಡಲಿಲ್ಲ.

ಹಬ್ಬ ಮುಗಿದ ಮೇಲೆ ಬೆಂಗಳೂರಿನಿಂದ ಡಿಸ್ಕು ಬಂತು, ಹಾಕಿಕೊಟ್ಟೆ. ಗುರಪ್ಪನವರ ಜಗಲಿ ಈಗಲೂ ತುಂಬಿರುತ್ತದೆ. ಕಾರ್ಖಾನೆಯಲ್ಲಿದ್ದಷ್ಟು ವರ್ಷವೂ ನಾನು ಪ್ರತಿ ತೆಗೆದದ್ದು ಯಂತ್ರದ ಕ್ರಮದಲ್ಲಿ, ಅಂಕಿ ಮೊದಲು, ಆಮೇಲೆ ಅಕ್ಷರ. ಈಗ ಯಾರಾದರೂ ಹಳೆಯ ಕಂಪ್ಯೂಟರ್ ತಂದರೆ ಪೆಟ್ಟಿಗೆ ಬಿಚ್ಚುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ. ಇದರಲ್ಲಿ ಒಂದೇ ಒಂದು ಉಳಿಯುವುದಾದರೆ ಯಾವುದು ಉಳಿಯಬೇಕು? ಬಹಳ ಜನ, ಯೋಚನೆ ಮಾಡಿ ಹೇಳುತ್ತೇವೆ ಎನ್ನುತ್ತಾರೆ. ಗುರಪ್ಪನವರಿಗೆ ಯೋಚಿಸಬೇಕಾಗಿ ಬಂದಿರಲಿಲ್ಲ.